ಎರಡು ಬಾಗಿಲ ಫ್ರಿಜ್ಜೂ ನಮ್ಮನೆಯ ಮೂರು ಬಾಗಿಲೂ

ಇಪ್ಪತ್ತೊಂದು ವರ್ಷ ದುಡಿದ ನಮ್ಮ ಹಳೆಯ ಫ್ರಿಜ್ಜು ಒಂದು ಬೆಳಿಗ್ಗೆ ಗುರ್ರ್ ಎಂದು ಎರಡು ಸಲ ನಡುಗಿ ಸುಮ್ಮನಾಯಿತು. ಶಿರಸಿಯಿಂದ ಬಂದ ರಿಪೇರಿಯವನು ಹಿಂಬದಿಗೆ ಕಿವಿಯಿಟ್ಟು ಕೇಳಿ, "ಕಂಪ್ರೆಸರ್ ಹೋಯ್ತು ಭಟ್ರೇ, ಇದಕ್ಕೆ ಖರ್ಚು ಮಾಡಬೇಡಿ" ಅಂದ. ಸಂಜೆಯೇ ಬೆಂಗಳೂರಿನಿಂದ ಮಗನ ಫೋನು. "ಅಪ್ಪಯ್ಯ, ಈ ಸಲ ಸೈಡ್ ಬೈ ಸೈಡ್ ತಗಳ್ಳನ. ದುಡ್ಡು ನಾನು ಕೊಡ್ತೆ."

ಸೈಡ್ ಬೈ ಸೈಡ್ ಅಂದರೆ ಬಟ್ಟೆ ಕಪಾಟಿನ ಹಾಗೆ ಎರಡು ಬಾಗಿಲಿನ ಫ್ರಿಜ್ಜು. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಫ್ರೀಜರ್, ಬಲಗಡೆ ತರಕಾರಿ, ಹಾಲು ಇಡುವ ಭಾಗ. ಐದುನೂರು ಲೀಟರಿನಿಂದ ಶುರುವಾಗಿ ಏಳುನೂರರ ತನಕ ಸಿಗುತ್ತದೆ. ಮನೆಯಲ್ಲಿ ನಾವಿಬ್ಬರೇ ಮುದುಕರು. "ನಮಗೆ ಇಬ್ಬರಿಗೆ ಎಂತಕ್ಕೆ ಅಷ್ಟು ದೊಡ್ಡದು? ಒಳಗೆ ಹೊಕ್ಕು ಮಲಗಲಿಕ್ಕಾ?" ಎಂದು ನನ್ನಾಕೆ ಕೇಳಿದಳು. ನನಗೂ ಹಾಗೇ ಅನ್ನಿಸಿತ್ತು.

ಆದರೆ ನಾನು ಬಿ.ಕಾಂ. ಓದಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಖೆಗಳಲ್ಲಿ ಮೂವತ್ತನಾಲ್ಕು ವರ್ಷ ಲೆಜರ್ ಬರೆದವನು. ಬರೆದು ನೋಡದೆ ಹೌದು, ಅಲ್ಲ ಎನ್ನುವ ಅಭ್ಯಾಸವಿಲ್ಲ. ತಂಗಿಯ ಮನೆಯಿಂದ ತಾತ್ಕಾಲಿಕಕ್ಕೆ ತಂದ ಸಣ್ಣ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಒಳಗೆ ಏನೇನು ಹೋಗುತ್ತದೆ ಎಂದು ಹದಿನೈದು ದಿನ ಬರೆದೆ. ಹಾಲು, ಮೊಸರು, ಬೆಣ್ಣೆ, ದೋಸೆ ಹಿಟ್ಟು, ಒಡೆದ ಕಾಯಿ, ತಂಬುಳಿಗೆ ತಂದ ಒಂದೆಲಗ, ನನ್ನಾಕೆಯ ಇನ್ಸುಲಿನ್. ಅಷ್ಟೇ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯಲ್ಲಿ, ತುಪ್ಪ ನಾಗಂದಿಗೆಯ ಮೇಲೆ, ಒಣಗಿದ ಮುರುಗಲು ಸಿಪ್ಪೆ ಡಬ್ಬಿಯಲ್ಲಿ. ಅವಕ್ಕೆ ಫ್ರಿಜ್ಜಿನ ಹಂಗಿಲ್ಲ. ಲೆಕ್ಕದ ಪ್ರಕಾರ ಇನ್ನೂರೈವತ್ತು ಲೀಟರು ಧಾರಾಳ.

ಹಾಗಾದರೆ ದೊಡ್ಡದಕ್ಕೆ ಯಾಕೆ ಒಪ್ಪಿದೆ? ಹದಿನಾಲ್ಕನೇ ದಿನ ನಾನು ಬರೆದದ್ದು ಸಾಮಾನಿನ ಹೆಸರಲ್ಲ. "ಕೆಳಗಿನ ಡಬ್ಬಿ ತೆಗೆಯಲು ಕೂತವಳಿಗೆ ಏಳಲಾಗಲಿಲ್ಲ" ಎಂದು. ಅವಳ ಮೊಣಕಾಲು ಹೋಗಿ ಐದು ವರ್ಷವಾಯಿತು. ಕಪಾಟಿನಂಥ ಫ್ರಿಜ್ಜಿನಲ್ಲಿ ಐಸಿನ ಕಡೆಯದೂ ತಂಪಿನ ಕಡೆಯದೂ ಎದೆಮಟ್ಟದಲ್ಲೇ ಕೈಗೆ ಸಿಗುತ್ತದೆ. ಬಾಗಿಲು ಅರ್ಧರ್ಧ ಆದ್ದರಿಂದ ತೆರೆಯಲು ಬೇಕಾದ ಜಾಗವೂ ಕಡಿಮೆ. ಬೇಸಿಗೆ ರಜೆಗೆ ಮಕ್ಕಳೆಲ್ಲ ಬಂದರೆ ಹದಿನಾಲ್ಕು ಎಲೆ. ಹಲಸಿನ ತೊಳೆಯನ್ನೂ ಕಾಯಿತುರಿಯನ್ನೂ ಫ್ರೀಜರಿಗೆ ಹಾಕಿಡಬಹುದು. ಹೀಗೆ ಐದುನೂರೈವತ್ತು ಲೀಟರಿನ ಆಸುಪಾಸಿನದು ಎಂದು ತೀರ್ಮಾನವಾಯಿತು.

ಅಂಗಡಿಗೆ ಹೋಗುವಾಗ ನಮ್ಮನೆಯ ಹದಿನಾರು ಇಂಚಿನ ಪರಾತವನ್ನೂ ಚೀಲದಲ್ಲಿ ಒಯ್ದೆ. ಅಂಗಡಿಯ ಹುಡುಗ ನಕ್ಕ. ನಗಲಿ. ಫ್ರೀಜರಿನ ಒಳಗೆ ಪರಾತ ಹೋಗಲೇ ಇಲ್ಲ! ಇದೇ ಈ ಜಾತಿಯ ಫ್ರಿಜ್ಜಿನ ಗುಟ್ಟು. ಹೊರಗಿನಿಂದ ಮೂರು ಅಡಿ ಅಗಲ ಕಾಣುತ್ತದೆ, ಒಳಗೆ ನಡುವೆ ಗೋಡೆಯಿದೆ. ಫ್ರೀಜರಿನ ಕಡೆಯಂತೂ ಪುಸ್ತಕದ ಗೂಡಿನಷ್ಟೇ ಅಗಲ. ಅಗಲ ಪಾತ್ರೆ ಇಡುವವರು ಲೀಟರ್ ಓದಿ ಮೋಸ ಹೋಗಬಾರದು.

ಆಮೇಲೆ ಬಾಗಿಲಿನ ಪ್ರಶ್ನೆ. ಫ್ರಿಜ್ಜಿನ ಅಗಲ 91 ಸೆಂಟಿಮೀಟರ್, ಎತ್ತರ 178, ಹಿಡಿಕೆ ಸೇರಿ ಆಳ 72. ನಮ್ಮದು ಅಜ್ಜ ಕಟ್ಟಿಸಿದ ಮನೆ. ಜಗುಲಿಯ ಹೆಬ್ಬಾಗಿಲು 84 ಸೆಂಟಿಮೀಟರ್, ಅಡ್ಡ ತಿರುಗಿಸಿದರೆ ಹೋದೀತು. ಅಲ್ಲಿಂದ ನಡುಮನೆಗೆ ಹೋಗುವ ಬಾಗಿಲಿನ ಎತ್ತರ 173. ತಲೆ ತಗ್ಗಿಸದೆ ಒಳಗೆ ಬಂದ ನೆಂಟರಿಗೆಲ್ಲ ಅದರ ಪರಿಚಯವಿದೆ. ಕೆಳಗೆ ಅರ್ಧ ಅಡಿಯ ಹೊಸಿಲು ಬೇರೆ. ನೂರು ಕಿಲೋ ಭಾರವನ್ನು ಅಲ್ಲಿ ವಾಲಿಸಿ ದಾಟಿಸುವ ಧೈರ್ಯ ಯಾರಿಗೂ ಬರಲಿಲ್ಲ. "ದಾರಂದ ಸ್ವಲ್ಪ ಕೊರೆಸಿದ್ರಾತು" ಎಂದ ಮಗ. ಹಲಸಿನ ಮರದ ದಾರಂದ ಅದು. ಐಸಿನ ಪೆಟ್ಟಿಗೆಗಾಗಿ ಅಜ್ಜನ ಬಾಗಿಲು ಕೊಯ್ಯುವುದಿಲ್ಲ ಎಂದೆ. ಕೊನೆಗೆ ಹಿತ್ತಿಲ ಬಾಗಿಲು ಅಳೆದೆವು. ಅಡುಗೆಮನೆ ರಿಪೇರಿ ಮಾಡಿಸುವಾಗ ಇಟ್ಟದ್ದು, ಮೂರಡಿ ಅಗಲ, ಏಳಡಿ ಎತ್ತರ. ಕೊಟ್ಟಿಗೆಯ ಪಕ್ಕದಿಂದ ಸುತ್ತಿಸಿ, ಆರು ಜನ ಸೇರಿ, ಹಿಂದಿನಿಂದ ಒಳಗೆ ತಂದರು. ಮಹಾರಾಜರು ಹಿತ್ತಿಲಿನಿಂದ ಬಂದ ಹಾಗೆ.

ವಾಹನದಲ್ಲಿ ಅದನ್ನು ವಾಲಿಸಿ ತಂದಿದ್ದರು. ವಾಲಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹೋಗುತ್ತದಂತೆ. ಅದು ಇಳಿಯಲಿ ಎಂದು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಸ್ವಿಚ್ ಹಾಕಿದೆವು. ಅದಕ್ಕೇ ಬೇರೆ ಸಾಕೆಟ್, ಸರಿಯಾದ ಅರ್ಥಿಂಗ್, ಒಂದು ಸ್ಟೆಬಿಲೈಸರ್. ಸುತ್ತ ಎರಡೆರಡು ಇಂಚು ಗಾಳಿಗೆ ಜಾಗ. ನಮ್ಮ ಅಡುಗೆಮನೆಯ ನೆಲ ಬಚ್ಚಲ ಕಡೆ ಇಳಿಜಾರು, ಆದ್ದರಿಂದ ಒಂದು ಬಾಗಿಲು ಮೇಲೆ, ಒಂದು ಕೆಳಗೆ ಕಂಡಿತು. ಫ್ರಿಜ್ಜು ಕೆಟ್ಟದ್ದೇ ಬಂತು ಎಂದು ನನ್ನಾಕೆ ಗಾಬರಿಯಾದಳು. ಮುಂದಿನ ಕಾಲಿನ ಸ್ಕ್ರೂ ತಿರುಗಿಸಿದ ಕೂಡಲೇ ಎರಡೂ ಸಮವಾದವು.

ಇಲ್ಲಿಯ ತನಕ ನಾನು ಬಹಳ ಹೆಮ್ಮೆಯಲ್ಲಿದ್ದೆ. ತಪ್ಪು ಮಾಡಿದ್ದು ಆಮೇಲೆ.

ಇನ್ಸುಲಿನ್ ತಂಪಾಗಿರಬೇಕು ಎಂದು ಗೊತ್ತಿತ್ತಲ್ಲ, ಅದನ್ನು ಎಲ್ಲಕ್ಕಿಂತ ತಂಪಿನ ಜಾಗದಲ್ಲೇ ಇಡೋಣ ಎಂದು ಬಲಗಡೆಯ ಮೇಲಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗಿಸಿ ಇಟ್ಟೆ. ಸಾಲದ್ದಕ್ಕೆ ಗುಂಡಿ ಒತ್ತಿ 1 ಡಿಗ್ರಿ ಮಾಡಿದೆ. ಒಂದು ವಾರದಲ್ಲಿ ಅಲ್ಲೇ ಪಕ್ಕದಲ್ಲಿದ್ದ ಕೊತ್ತಂಬರಿ ಸೊಪ್ಪು ಗಾಜಿನ ಹಾಗೆ ಆಯಿತು, ಟೊಮೇಟೊ ಕಲ್ಲಾಯಿತು. "ಹೊಸ ಫ್ರಿಜ್ಜು, ಜೋರಿದೆ" ಎಂದು ನಾನೇ ಸಮಜಾಯಿಷಿ ಹೇಳಿದೆ.

ಅದೇ ಹೊತ್ತಿಗೆ ನನ್ನಾಕೆಯ ಸಕ್ಕರೆ ಏರತೊಡಗಿತು. ಬೆಳಗಿನ ಖಾಲಿಹೊಟ್ಟೆಯಲ್ಲಿ 130ರ ಹತ್ತಿರ ಇದ್ದದ್ದು 210, ಆಮೇಲೆ 260. ನವರಾತ್ರಿಯ ಪಾಯಸದ ಮೇಲೆ ಎಲ್ಲರಿಗೂ ಸಂಶಯ. ಕದ್ದು ತಿಂದೆಯಾ ಎಂದು ನಾನೂ ಕೇಳಿಬಿಟ್ಟೆ. ಅವಳು ಮಾತಾಡದೆ ಒಳಗೆ ಹೋದಳು. ಡಾಕ್ಟರು ಊಟದ ವಿಷಯ ಕೇಳಿದರು, ಸೂಜಿ ಚುಚ್ಚುವ ಜಾಗ ನೋಡಿದರು, ಕೊನೆಗೆ "ಔಷಧಿ ಎಲ್ಲಿಡ್ತೀರಿ?" ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮನೆಗೆ ಹೋಗಿ ಆ ಬಾಟಲಿ ನೋಡಿ."

ನೋಡಿದ್ದು ದಸರಾ ರಜೆಗೆ ಬಂದಿದ್ದ ಏಳನೇ ಕ್ಲಾಸಿನ ಮೊಮ್ಮಗಳು. ಕುರ್ಚಿ ಹತ್ತಿ ಒಳಗೆ ಕೈಯಿಟ್ಟವಳು, "ಅಜ್ಜಾ, ಇಲ್ಲೊಂದು ಕಂಡಿ ಇದ್ದು, ತಣ್ಣನೆ ಗಾಳಿ ಬತ್ತಾ ಇದ್ದು" ಎಂದಳು. ಬಾಟಲಿಯ ಅಂಚಿನಲ್ಲಿ ಐಸಿನ ಚೂರು. ಹಾಲಿನ ಬಣ್ಣದ ಆ ಔಷಧ ಅಂಗೈಯಲ್ಲಿ ಉರುಳಿಸಿದರೆ ಒಂದೇ ಸಮ ಆಗಬೇಕು. ನಮ್ಮದರಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಕಣಗಳು ತೇಲುತ್ತಿದ್ದವು.

ಸಂಗತಿ ಇಷ್ಟು. ನಮ್ಮ ಫ್ರಿಜ್ಜಿನಲ್ಲಿ ಚಳಿ ಹುಟ್ಟುವುದು ಫ್ರೀಜರಿನ ಕಡೆ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಆ ಗಾಳಿಯನ್ನು ಒಂದು ಫ್ಯಾನು ಕಂಡಿಯ ಮೂಲಕ ಬಲಗಡೆಗೆ ತಳ್ಳುತ್ತದೆ. ಕಂಡಿಯ ಬಾಯಿಗೆ ಇಟ್ಟದ್ದು ಹೆಪ್ಪುಗಟ್ಟುತ್ತದೆ. ಕಂಡಿಗೆ ಅಡ್ಡ ಸಾಮಾನು ತುಂಬಿದರೆ ಕೆಳಗಿನದಕ್ಕೆ ತಂಪು ಸಾಲದೆ ಹಾಲು ಒಡೆಯುತ್ತದೆ. ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯ ನಡುವೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಅದರ ಶಕ್ತಿ ಹೋಗಿರುತ್ತದೆ. ನಾನು ದಿನಾ ಎರಡು ಹೊತ್ತು ಅವಳಿಗೆ ಬರೀ ನೀರಿನಂಥದ್ದನ್ನು ಚುಚ್ಚುತ್ತಿದ್ದೆ, ಮೇಲಿಂದ ಪಾಯಸದ ಆರೋಪ.

ಹೊಸ ಬಾಟಲಿ ತಂದ ಮೇಲೆ ಸಕ್ಕರೆ ನಿಧಾನಕ್ಕೆ ಇಳಿಯಿತು. ನನ್ನ ಜೊತೆ ಮಾತು ಸರಿಯಾಗಲು ಅದಕ್ಕಿಂತ ಎರಡು ದಿನ ಹೆಚ್ಚು ಬೇಕಾಯಿತು. ಈಗ ಒಳಗೊಂದು ಸಣ್ಣ ಥರ್ಮಾಮೀಟರ್ ಇದೆ. ಒಂದು ಲೋಟ ನೀರಿನಲ್ಲಿ ಅದನ್ನು ಅದ್ದಿ ರಾತ್ರಿಯಿಡೀ ಬಿಟ್ಟು ನೋಡಿ, 4 ಡಿಗ್ರಿಗೆ ಹೊಂದಿಸಿದ್ದೇವೆ. ಬಾಗಿಲಿನ ಗೂಡಿನಲ್ಲಿ ಸ್ಟೀಲ್ ಡಬ್ಬಿ, ಅದರ ಮೇಲೆ ಮೊಮ್ಮಗಳ ಅಕ್ಷರ: "ಅಜ್ಜಿಯ ಔಷಧ. ಅಜ್ಜ ಮುಟ್ಟಬಾರದು."

ಸಣ್ಣ ಪುಟ್ಟ ಕಾಯಿಲೆಗಳು ಬೇರೆ ಬಂದವು. ತರಕಾರಿ ಡ್ರಾಯರಿನ ಕೆಳಗೆ ನೀರು ನಿಂತರೆ ಹಿಂದಿನ ಸಣ್ಣ ತೂತು ಕಟ್ಟಿದೆ ಎಂದರ್ಥ. ನಮ್ಮದರಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿಕೊಂಡಿತ್ತು. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ನೋಡಲು ಹತ್ತು ರೂಪಾಯಿಯ ನೋಟನ್ನು ನಡುವೆ ಸಿಕ್ಕಿಸಿ ಎಳೆಯುತ್ತೇನೆ. ಬಿಗಿಯಾಗಿ ಬಂದರೆ ಸರಿ, ಸುಮ್ಮನೆ ಜಾರಿದರೆ ರಬ್ಬರ್ ತೊಳೆಯಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕೀಳುವುದಂತೂ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಮರುವರ್ಷ ಜುಲೈನಲ್ಲಿ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಬೆಂಗಳೂರಿನಿಂದ ಮೊಮ್ಮಗಳ ಫೋನು: "ಅಜ್ಜಾ, ಬಾಗಿಲು ತೆಗಿಯಡಿ!" ಹಿಂದೆ ಅವಳಿಗೆ ನಾನೇ ಹೇಳಿದ ಕಥೆಯನ್ನು ನನಗೇ ತಿರುಗಿ ಹೇಳಿದಳು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಟಸ್ಕನಿ ಎಂಬ ಹಡಗು ಕೆರೆಯ ಐಸನ್ನು ತುಂಬಿಕೊಂಡು ನಾಲ್ಕು ತಿಂಗಳು ಪ್ರಯಾಣ ಮಾಡಿ ಕಲ್ಕತ್ತೆಗೆ ಬಂತು. ಸುಮಾರು 180 ಟನ್ ಹೊರಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕರಗದೆ ಉಳಿದಿತ್ತು. ಕರೆಂಟೂ ಇಲ್ಲ, ಕಂಪ್ರೆಸರೂ ಇಲ್ಲ. ಹೊರಗಿನ ಬಿಸಿ ಒಳಗೆ ಬಾರದ ಹಾಗೆ ಒತ್ತಾಗಿ ಮುಚ್ಚಿದ್ದರು, ಅಷ್ಟೇ. ಕರೆಂಟು ಹೋದ ಫ್ರಿಜ್ಜೂ ಅಂಥದೇ ಒಂದು ಹಡಗು. ಬಾಗಿಲು ತೆರೆಯದಿದ್ದರೆ ತಂಪಿನ ಕಡೆ ನಾಲ್ಕು ತಾಸು, ತುಂಬಿದ ಫ್ರೀಜರು ಎರಡು ದಿನ ತಡೆಯುತ್ತದೆ. ಹಾಗಾಗಿ ಖಾಲಿ ಜಾಗಕ್ಕೆ ನಾವು ಮೊದಲೇ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಟ್ಟಿರುತ್ತೇವೆ. ನನ್ನಾಕೆ ಎರಡೂ ಹಿಡಿಕೆಗೆ ಬಾಳೆನಾರು ಕಟ್ಟಿದಳು. ಯಾರಿಗಾಗಿ ಎಂದು ಹೇಳಲಿಲ್ಲ.

ಬಳಸುತ್ತಿರುವ ಇನ್ಸುಲಿನ್ ಬಾಟಲಿ ಮಳೆಗಾಲದ ತಂಪಿನಲ್ಲಿ ಹೊರಗಿದ್ದರೂ ಸುಮಾರು ನಾಲ್ಕು ವಾರ ನಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ ಮಣ್ಣಿನ ಮಡಕೆಯೊಳಗೆ, ಒಲೆಯಿಂದ ದೂರ ಇಟ್ಟೆವು. ತೆರೆಯದ ಬಾಟಲಿಗಳನ್ನು, ಕರೆಂಟಿದ್ದ ಶಿರಸಿಯ ತಂಗಿಯ ಮನೆಗೆ ಅವತ್ತೇ ಬಸ್ಸಿನಲ್ಲಿ ಒಯ್ದೆ. ಮೂರನೇ ದಿನ ಸಂಜೆ ದೀಪ ಬಂತು. ಹಾಲು ಹೋಗಿತ್ತು. ಅರ್ಧ ಕರಗಿದ ಹಲಸಿನ ಹಣ್ಣು ಇನ್ನೂ ತಣ್ಣಗಿತ್ತು. ಅಂದೇ ರಾತ್ರಿ ಕಡುಬಾಯಿತು.

ಈಗ ಯಲ್ಲಾಪುರದ ಮಗಳಿಗೂ ಅಂಥದ್ದೇ ಬೇಕಂತೆ. ಬಾಗಿಲಿನ ಅಳತೆ ಬರೆದು ಕಳಿಸಿದ್ದಾಳೆ. ಪರಾತದ್ದೂ ಕಳಿಸು ಎಂದಿದ್ದೇನೆ.