ನಿವೃತ್ತಿಯ ನಂತರ ಫ್ರಾನ್ಸಿನಲ್ಲಿ ನೆಲೆಸಬಹುದೇ?

ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ನಾನು ಉಪಾಧ್ಯಾಯನಾಗಿ ಸೇರಿದ ಮೊದಲ ವರ್ಷಗಳ ಹುಡುಗ. ಭೂಪಟದಲ್ಲಿ ಫ್ರಾನ್ಸ್ ತೋರಿಸು ಎಂದರೆ ಇಟಲಿಯ ಮೇಲೆ ಬೆರಳಿಡುತ್ತಿದ್ದವನು. ಈಗ ಅವನಿಗೇ ನಿವೃತ್ತಿಗೆ ಎರಡು ವರ್ಷ ಉಳಿದಿದೆಯಂತೆ. "ಸಾರ್, ಮಗಳು ಲಿಯೋನ್‌ನಲ್ಲಿದ್ದಾಳೆ. ರಿಟೈರಾದ ಮೇಲೆ ಇಲ್ಲಿಯದನ್ನೆಲ್ಲ ಮಾರಿ ಅಲ್ಲಿಗೇ ಬಂದುಬಿಡಿ ಅಂತಾಳೆ. ನೀವು ಹೋಗಿ ಇದ್ದು ಬಂದವರು. ಏನು ಮಾಡಲಿ ಹೇಳಿ" ಎಂದ. ದೂರವಾಣಿಯಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಇಂತಹ ಕರೆ ನನ್ನ ಬಂಧುಗಳಲ್ಲಿಯೂ ಕೆಲವರಿಗೆ ಬಂದಿರುವುದರಿಂದ ನಮ್ಮ ಅನುಭವವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪಿನ ಕಥೆಯೂ ಇದೆ.

ನಮ್ಮ ಮಗ ತುಲೂಸ್ ನಗರದಲ್ಲಿ ಇಂಜಿನಿಯರ್. ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಗರೋನ್ ನದಿಯ ದಂಡೆಯ ಮೇಲಿರುವ ಈ ಊರು ವಿಮಾನ ತಯಾರಿಕೆಗೆ ಹೆಸರುವಾಸಿ. ಹಳೆಯ ಕಟ್ಟಡಗಳ ಇಟ್ಟಿಗೆಯ ಬಣ್ಣದಿಂದಾಗಿ ಇದನ್ನು ಗುಲಾಬಿ ನಗರವೆಂದು ಕರೆಯುತ್ತಾರೆ. 2018ರಲ್ಲಿ ನಾನು ನಿವೃತ್ತನಾದಂದಿನಿಂದಲೂ ಮಗ, "ಶಿವಮೊಗ್ಗದ ಮನೆ ಮಾರಿ ಇಲ್ಲಿಗೇ ಬಂದುಬಿಡಿ ಅಪ್ಪಾ. ಅಷ್ಟು ದೊಡ್ಡ ಮನೆಯಲ್ಲಿ ನೀವಿಬ್ಬರೇ ಏನು ಮಾಡುತ್ತೀರಿ?" ಎನ್ನುತ್ತಿದ್ದ. ಮೊಮ್ಮಗ ಹುಟ್ಟಿದ ಮೇಲೆ ಆ ಮಾತಿಗೆ ಬಲ ಬಂತು. ಮೂವತ್ತು ವರ್ಷ ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಮಾಡಿದವನಿಗೆ ಆ ನೆಲದಲ್ಲಿ ಬದುಕುವ ಆಸೆ ಒಳಗೊಳಗೇ ಇತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಪರಿಚಿತರೊಬ್ಬರು ಮನೆ ಕೊಳ್ಳಲು ಮುಂದೆ ಬಂದರು. ಒಂದು ವರ್ಷ ಇದ್ದು ನೋಡಿ ಬಂದು ನೋಂದಣಿ ಮಾಡಿಕೊಡುತ್ತೇನೆಂದು ಹೇಳಿ ಮುಂಗಡವನ್ನೂ ಪಡೆದೆ. 2023ರ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಹೊರಟೆವು.

ಮೊದಲು ಕಾಗದಪತ್ರಗಳ ವಿಷಯ. ತೊಂಬತ್ತು ದಿನಗಳಿಗಿಂತ ಹೆಚ್ಚು ಇರಬೇಕಾದರೆ ಪ್ರವಾಸಿ ವೀಸಾ ಸಾಲದು, ದೀರ್ಘಾವಧಿಯ ವೀಸಾ ಬೇಕು. ಮಗ ಅಲ್ಲಿ ಕಾಯಂ ಕೆಲಸದಲ್ಲಿದ್ದರೆ ತಂದೆತಾಯಿಯರಿಗೆ ತಾನಾಗಿಯೇ ಹಕ್ಕು ಬರುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು. ಅಲ್ಲಿನ ಕಾನೂನಿನ ಕುಟುಂಬ ಪುನರ್ಮಿಲನದಲ್ಲಿ 'ಕುಟುಂಬ' ಎಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು. ತಂದೆತಾಯಿ ಅದರೊಳಗೆ ಬರುವುದಿಲ್ಲ. ಮಕ್ಕಳು ಫ್ರೆಂಚ್ ಪೌರರಾಗಿದ್ದರೆ ಅವಲಂಬಿತ ತಂದೆತಾಯಿಗೆ ಬೇರೆ ದಾರಿಯಿದೆ. ನಮ್ಮ ಮಗ ಭಾರತದ ಪೌರತ್ವವನ್ನು ಉಳಿಸಿಕೊಂಡಿದ್ದಾನೆ. ಆದ್ದರಿಂದ ನಮಗೆ ದೊರೆತದ್ದು 'ಸಂದರ್ಶಕ' ವೀಸಾ. ಅಲ್ಲಿ ಯಾವುದೇ ಉದ್ಯೋಗ ಮಾಡುವುದಿಲ್ಲವೆಂದು ಬರೆದುಕೊಡಬೇಕು. ವಸತಿಗೆ, ಆರೋಗ್ಯ ವಿಮೆಗೆ, ಜೀವನ ನಿರ್ವಹಣೆಯ ಹಣಕ್ಕೆ ದಾಖಲೆ ತೋರಿಸಬೇಕು. ಹಣವನ್ನು ಸಾಮಾನ್ಯವಾಗಿ ಅಲ್ಲಿನ ಕನಿಷ್ಠ ವೇತನದ ಅಳತೆಯಲ್ಲಿ ನೋಡುತ್ತಾರೆ. ಆಗ ಅದು ತಿಂಗಳಿಗೆ ಕೈಗೆ ಬರುವ ಲೆಕ್ಕದಲ್ಲಿ ಸುಮಾರು 1,400 ಯೂರೊ ಇತ್ತು. ಪ್ರೌಢಶಾಲಾ ಮೇಷ್ಟರ ಪಿಂಚಣಿ ಅಲ್ಲಿಗೆ ಎಟುಕುವುದಿಲ್ಲ. ಮಗನ ಜವಾಬ್ದಾರಿ ಪತ್ರ, ನನ್ನ ಠೇವಣಿಗಳ ವಿವರ ಎಲ್ಲವನ್ನೂ ಸೇರಿಸಿ ಕೊಟ್ಟೆವು. ಹೋದ ಮೂರು ತಿಂಗಳೊಳಗೆ ವೀಸಾವನ್ನು ಅಂತರ್ಜಾಲದಲ್ಲಿ ಊರ್ಜಿತಗೊಳಿಸಬೇಕು, ವರ್ಷ ತುಂಬುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು.

ಹಣಕಾಸಿನ ವಿಷಯದಲ್ಲಿ ಎರಡು ದೇಶಗಳ ನಿಯಮಗಳನ್ನೂ ನೋಡಬೇಕು. ಅಲ್ಲಿಯೇ ನೆಲೆಸಿದವನು ಫ್ರಾನ್ಸಿನ ತೆರಿಗೆ ನಿವಾಸಿಯಾಗುತ್ತಾನೆ. ಪ್ರಪಂಚದ ಯಾವ ಮೂಲೆಯಿಂದ ಬಂದ ಆದಾಯವನ್ನೂ ಅಲ್ಲಿ ಘೋಷಿಸಬೇಕು. ಒಂದೇ ಆದಾಯಕ್ಕೆ ಎರಡು ಬಾರಿ ತೆರಿಗೆ ಬೀಳದಂತೆ ಭಾರತ ಮತ್ತು ಫ್ರಾನ್ಸ್ 1992ರಲ್ಲಿ ಒಪ್ಪಂದ ಮಾಡಿಕೊಂಡಿವೆ, ಆದರೆ ಘೋಷಿಸುವ ಹೊಣೆಯನ್ನು ಅದು ತಪ್ಪಿಸುವುದಿಲ್ಲ. ಊರಿನ ಬ್ಯಾಂಕಿನ ಖಾತೆಗಳನ್ನೂ ವರ್ಷವರ್ಷ ತಿಳಿಸಬೇಕು. ಮರೆತರೆ ಖಾತೆಯೊಂದಕ್ಕೆ 1,500 ಯೂರೊ ದಂಡ. ಇತ್ತ ಭಾರತದಲ್ಲಿ, ನೆಲೆಸಲೆಂದೇ ಹೋದವರು ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಅನಿವಾಸಿಯಾದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ. ಪಿಂಚಣಿಗಾಗಿ 'ನಾನು ಬದುಕಿದ್ದೇನೆ' ಎಂಬ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕಳುಹಿಸುವುದಂತೂ ಇದ್ದೇ ಇದೆ. ಹೊರದೇಶದಲ್ಲಿರುವ ಫ್ರೆಂಚ್ ಪಿಂಚಣಿದಾರರೂ ಇಂಥದ್ದೇ ಪತ್ರ ಕಳುಹಿಸಬೇಕೆಂದು ತಿಳಿದಾಗ ನಕ್ಕೆ.

ಉಯಿಲಿನ ಬಗ್ಗೆಯೂ ಒಂದು ಮಾತು. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ, 2015ರ ಆಗಸ್ಟ್ 17ರಿಂದ, ಸತ್ತವನು ಕೊನೆಗೆ ಎಲ್ಲಿ ನೆಲೆಸಿದ್ದನೋ ಆ ದೇಶದ ಕಾನೂನೇ ಅವನ ಆಸ್ತಿಯ ಹಂಚಿಕೆಗೆ ಅನ್ವಯಿಸುತ್ತದೆ. ಫ್ರೆಂಚ್ ಕಾನೂನಿನಲ್ಲಿ ಒಬ್ಬ ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಅದಕ್ಕಿಂತ ಹೆಚ್ಚಿದ್ದರೆ ಮುಕ್ಕಾಲು ಪಾಲು ಮಕ್ಕಳಿಗೆ ಮೀಸಲು. ನಮ್ಮ ದೇಶದ ಕಾನೂನೇ ಅನ್ವಯಿಸಲಿ ಎಂದು ಉಯಿಲಿನಲ್ಲಿ ಬರೆದಿಡಬಹುದು. ಬರೆದಿಡುವುದು ಒಳ್ಳೆಯದು. ಅಂತ್ಯಕ್ರಿಯೆಗೆ ಸಂಬಂಧಿಸಿದಂತೆ, 2008ರ ಕಾನೂನಿನ ನಂತರ ಚಿತಾಭಸ್ಮವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಪಾಲು ಮಾಡುವಂತೆಯೂ ಇಲ್ಲ. ಇದನ್ನು ಓದುವಾಗ ಮುಜುಗರವಾಗಬಹುದು, ಆದರೆ ನೆಲೆಸುವುದೆಂದರೆ ಅಲ್ಲಿಯೇ ಸಾಯುವುದೂ ಹೌದಲ್ಲವೇ?

ಇಷ್ಟನ್ನೂ ನಾನು ಟಿಪ್ಪಣಿ ಪುಸ್ತಕದಲ್ಲಿ ಅಂಕಣ ಹಾಕಿ ಬರೆದುಕೊಂಡಿದ್ದೆ. ಒಂದು ಅಂಕಣವನ್ನು ಮಾತ್ರ ಹಾಕಿರಲಿಲ್ಲ.

ಮೊದಲ ಮೂರು ತಿಂಗಳು ಸುಖವಾಗಿಯೇ ಕಳೆದವು. ಅಂಗಡಿಗೆ ಹೋದೊಡನೆ 'ಬೋಂಜೂರ್' ಎನ್ನದೆ ಏನನ್ನೂ ಕೇಳಬಾರದು, ಕೇಳಿದರೆ ಒರಟನೆಂದು ತಿಳಿಯುತ್ತಾರೆ. ಇದನ್ನು ಮೊಮ್ಮಗನೇ ನನಗೆ ಕಲಿಸಿದ. ನಾನು ಬೆಳಿಗ್ಗೆ ಮಿದಿ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದೆ. ಪಿಯೇರ್ ಪೋಲ್ ರಿಕೇ ಎಂಬಾತ ಹದಿನೇಳನೆಯ ಶತಮಾನದಲ್ಲಿ ತೋಡಿಸಿದ, 1681ರಲ್ಲಿ ಸಂಚಾರಕ್ಕೆ ತೆರೆದ ಕಾಲುವೆ ಅದು. ಇಂಗ್ಲಿಷ್ ಬಲ್ಲವರು ಸಿಕ್ಕರೆ ಹರಟುತ್ತಿದ್ದೆ. ನನ್ನಾಕೆ ಮನೆಯಲ್ಲಿಯೇ ಇರುತ್ತಿದ್ದಳು. ಅಡುಗೆ, ಮೊಮ್ಮಗ, ಸಂಜೆ ಊರಿನಿಂದ ಬರುವ ತಂಗಿಯ ಕರೆ. ಅವಳು ಸುಖವಾಗಿದ್ದಾಳೆಂದೇ ನಾನು ಭಾವಿಸಿದ್ದೆ. ಕೇಳಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಅವಳು ತಲೆ ತಿರುಗಿ ಅಡುಗೆಮನೆಯಲ್ಲಿ ಕುಸಿದಳು. ಅಲ್ಲಿ ವೈದ್ಯಕೀಯ ತುರ್ತಿಗೆ 15 ಸಂಖ್ಯೆಗೆ ಕರೆ ಮಾಡಬೇಕು. ಐರೋಪ್ಯ ದೇಶಗಳಿಗೆಲ್ಲ ಸಾಮಾನ್ಯವಾದದ್ದು 112. ಮಗ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ನೋಡಿ ಕರೆ ಮಾಡಿದೆ. ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಅರ್ಥವಾಯಿತು, ವಾಹನ ಬೇಗನೆ ಬಂತು. ಆಸ್ಪತ್ರೆಯವರು ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ಒಂದು ಹಂತದಲ್ಲಿ ನನ್ನನ್ನು ಹೊರಗೆ ಕೂರಿಸಿ ಅವಳನ್ನು ಒಳಗೆ ಕರೆದೊಯ್ದರು. ಮಗ ಬರುವವರೆಗೆ, ಸುಮಾರು ಮುಕ್ಕಾಲು ಗಂಟೆ, ಅವಳು ಒಬ್ಬಳೇ. ರಕ್ತದೊತ್ತಡದ ಏರುಪೇರು ಎಂದು ತಿಳಿದುಬಂತು, ಮೂರನೆಯ ದಿನ ಮನೆಗೆ ಬಂದೆವು.

ಆ ಪ್ರಸಂಗದ ಬಿಲ್ಲು ಆಮೇಲೆ ಅಂಚೆಯಲ್ಲಿ ಬಂತು. ನಾವು ಇಲ್ಲಿಂದ ಮಾಡಿಸಿಕೊಂಡು ಹೋಗಿದ್ದ ವಿಮೆಯಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ ಪರಿಹಾರವಿಲ್ಲವೆಂದು ಸಣ್ಣಕ್ಷರದಲ್ಲಿ ಬರೆದಿತ್ತು. ರಕ್ತದೊತ್ತಡ ಅವಳಿಗೆ ಹತ್ತು ವರ್ಷಗಳಿಂದ ಇದ್ದದ್ದೇ. ಮೂರು ತಿಂಗಳು ಸತತವಾಗಿ ಕಾನೂನುಬದ್ಧವಾಗಿ ವಾಸಿಸಿದವರು ಅಲ್ಲಿನ ಸರ್ಕಾರಿ ಆರೋಗ್ಯ ರಕ್ಷಣೆಗೆ ಅರ್ಜಿ ಹಾಕಬಹುದಿತ್ತು. ನಮ್ಮ ಅರ್ಜಿ ಇನ್ನೂ ಮೇಜಿನ ಮೇಲೆಯೇ ಇತ್ತು. ವಿಮೆಯ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿ, ಮತ್ತು ಈ ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ಹೊರಡುವ ವರ್ಷದ ನಿಯಮವನ್ನೇ ವಿಚಾರಿಸಿ.

ಮನೆಗೆ ಬಂದ ರಾತ್ರಿ ಅವಳು ಹೇಳಿದಳು: "ನೀವು ಹೊರಗಿದ್ದಷ್ಟು ಹೊತ್ತು ನಾನು ಮೂಗಿ ಆಗಿದ್ದೆ. ಆ ಹುಡುಗಿ ಕೈ ಹಿಡಿದು ಏನೇನೋ ಕೇಳಿದಳು. ಪಾಪ, ಒಳ್ಳೆಯವಳೇ. ನೋವು ಇಲ್ಲ, ಕತ್ತಲೆ ಬಂತು ಅಷ್ಟೆ ಅಂತ ಹೇಳೋಕೆ ನನಗೆ ಒಂದು ಮಾತೂ ಇರಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: "ನೀವು ಮೊದಲು ಹೋದರೆ ನಾನು ಇಲ್ಲಿ ಯಾರ ಹತ್ತಿರ ಮಾತಾಡಲಿ?"

ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಲ್ಲದಿದ್ದ ಅಂಕಣ ಇದೇ. ನಾಲ್ಕು ದಶಕ ನನ್ನೊಡನೆ ಬಾಳಿದವಳನ್ನು ಕೇಳದೆಯೇ ಅವಳು ಬದುಕಿದ ಮನೆಗೆ ಮುಂಗಡ ಪಡೆದಿದ್ದೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನನ್ನೂ ಎಬ್ಬಿಸಿ ಅಭಿಪ್ರಾಯ ಕೇಳುತ್ತಿದ್ದ ಮೇಷ್ಟ್ರು, ಮನೆಯಲ್ಲಿ ಆ ಕೆಲಸ ಮಾಡಿರಲಿಲ್ಲ.

ಐದು ವರ್ಷ ಕಳೆದ ಮೇಲೆ ಹತ್ತು ವರ್ಷಗಳ ನಿವಾಸ ಪತ್ರಕ್ಕೆ ಅರ್ಜಿ ಹಾಕುವಾಗ ಫ್ರೆಂಚ್ ಭಾಷೆ ಬರಬೇಕೆಂಬ ನಿಯಮವಿದೆ. 65 ವರ್ಷ ದಾಟಿದವರಿಗೆ ಅದರಿಂದ ವಿನಾಯಿತಿ. ಇದನ್ನು ಓದಿ ನಾನು ನೆಮ್ಮದಿಪಟ್ಟಿದ್ದೆ. ಕಾನೂನು ಕೊಟ್ಟ ವಿನಾಯಿತಿಯನ್ನು ಆಸ್ಪತ್ರೆಯ ಕೋಣೆ ಕೊಡುವುದಿಲ್ಲವೆಂಬುದು ಆಗ ಹೊಳೆದಿರಲಿಲ್ಲ.

ಮಾರ್ಚ್‌ನಲ್ಲಿ ಕಾಲುವೆಯ ದಂಡೆಯ ಬೆಂಚಿನ ಮೇಲೆ ಒಬ್ಬ ಇಂಗ್ಲಿಷ್ ವೃದ್ಧೆಯ ಪರಿಚಯವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಗಂಡಹೆಂಡತಿ ಇಂಗ್ಲೆಂಡಿನ ಮನೆ ಮಾರಿ, ತುಲೂಸಿನ ಪಶ್ಚಿಮಕ್ಕಿರುವ ಒಂದು ಹಳ್ಳಿಯಲ್ಲಿ ಕಲ್ಲುಕಟ್ಟಡದ ಮನೆ ಕೊಂಡಿದ್ದರಂತೆ. ಕಾರು ಓಡಿಸುತ್ತಿದ್ದವನು ಗಂಡ, ಫ್ರೆಂಚ್ ಮಾತನಾಡುತ್ತಿದ್ದವನೂ ಗಂಡ. ಅವನು ತೀರಿಕೊಂಡ ಮೇಲೆ ಔಷಧದ ಅಂಗಡಿಗೆ ಹೋಗಲೂ ಆಕೆ ನೆರೆಯವರನ್ನು ಕಾಯಬೇಕಾಯಿತು. ಮನೆ ಮಾರಾಟಕ್ಕಿಟ್ಟು ಎರಡು ವರ್ಷವಾದರೂ ಕೊಳ್ಳುವವರಿಲ್ಲ. ಮಾರಿ ಹಿಂತಿರುಗಿದರೂ ಆ ಹಣದಲ್ಲಿ ತನ್ನ ಹಳೆಯ ಊರಿನಲ್ಲಿ ಮನೆ ಸಿಗದು ಎಂದಳು. "ನಾವು ಇಬ್ಬರಿಗಾಗಿ ಯೋಜನೆ ಹಾಕಿದೆವು, ಒಬ್ಬರಿಗಾಗಿ ಹಾಕಲಿಲ್ಲ" ಎಂಬ ಅವಳ ಮಾತನ್ನು ಮನೆಗೆ ಬಂದು ನನ್ನಾಕೆಗೆ ಹೇಳಿದೆ.

ಯಾರು ಮೊದಲು, ಯಾರು ಆಮೇಲೆ ಎಂಬ ಲೆಕ್ಕ ಯಾರಿಗೂ ಹತ್ತುವುದಿಲ್ಲ. ಫ್ರಾನ್ಸಿನಲ್ಲಿಯೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಅಲ್ಲಿ ವೃದ್ಧರ ಮನೆಯನ್ನು, ಅವರು ಬದುಕಿರುವವರೆಗೆ ಮಾಸಾಶನ ಕೊಡುವ ಕರಾರಿನ ಮೇಲೆ ಕೊಳ್ಳುವ ಪದ್ಧತಿಯಿದೆ. ಆರ್ಲ್ ಪಟ್ಟಣದ ಝಾನ್ ಕಾಲ್ಮಾಂ ಎಂಬಾಕೆ 1965ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹೀಗೆ ಒಬ್ಬ ಕಾನೂನು ಪಂಡಿತನೊಡನೆ ತಿಂಗಳಿಗೆ 2,500 ಫ್ರಾಂಕಿಗೆ ಒಪ್ಪಂದ ಮಾಡಿಕೊಂಡಳು. ಆತ ಮೂವತ್ತು ವರ್ಷ ಹಣ ಕಟ್ಟಿ 1995ರಲ್ಲಿ ತಾನೇ ತೀರಿಕೊಂಡ. ಆಕೆ 1997ರಲ್ಲಿ, 122 ವರ್ಷ ದಾಟಿ ಕಣ್ಣು ಮುಚ್ಚುವವರೆಗೆ ಅವನ ಮನೆಯವರು ಕಟ್ಟುತ್ತಲೇ ಇದ್ದರು.

ಒಂಟಿತನದ ವಿಷಯದಲ್ಲಿ ಆ ದೇಶವೂ ನೋವಿನಿಂದಲೇ ಪಾಠ ಕಲಿತಿದೆ. 2003ರ ಆಗಸ್ಟ್‌ನ ಬಿಸಿಗಾಳಿಗೆ ಅಲ್ಲಿ ಸುಮಾರು 15,000 ಮಂದಿ ಸತ್ತರು, ಹೆಚ್ಚಿನವರು ವೃದ್ಧರು. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು ಕಡಲತೀರಕ್ಕೆ ಹೋಗಿದ್ದಾಗ ಎಷ್ಟೋ ಮುದುಕರು ಒಂಟಿ ಮನೆಗಳಲ್ಲಿ ಕೊನೆಯುಸಿರೆಳೆದರು. ಮರುವರ್ಷ ಕಾನೂನು ತಂದು, ವೃದ್ಧರ ಮತ್ತು ಅಂಗವಿಕಲರ ಆರೈಕೆಯ ನಿಧಿಗಾಗಿ ನೌಕರರು ವರ್ಷಕ್ಕೊಂದು ದಿನ ಹೆಚ್ಚಿಗೆ ದುಡಿಯುವಂತೆ ಮಾಡಿದರು. ಈಗ ಒಂಟಿ ವೃದ್ಧರು ಪುರಸಭೆಯಲ್ಲಿ ಹೆಸರು ಬರೆಸಿಕೊಂಡರೆ ಬಿಸಿಗಾಳಿಯ ದಿನಗಳಲ್ಲಿ ಕರೆ ಮಾಡಿ ವಿಚಾರಿಸುತ್ತಾರೆ. ಮೆಚ್ಚಬೇಕಾದ ವ್ಯವಸ್ಥೆ. ಆದರೆ ಆ ಕರೆಗೆ ಉತ್ತರಿಸಲು ಭಾಷೆ ಬೇಕು.

2024ರ ಮೇ ತಿಂಗಳಲ್ಲಿ, ವರ್ಷ ತುಂಬುವ ಮೊದಲೇ ಹಿಂತಿರುಗಿದೆವು. ಮಗನಿಗೆ ಬೇಸರವಾಯಿತು. ಬಾಯಿಬಿಟ್ಟು ಹೇಳಲಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಎಣಿಸುತ್ತಾ ನಿಂತಿದ್ದ. ಊರಿಗೆ ಬಂದವನೇ ಮನೆ ಕೊಳ್ಳಬೇಕಿದ್ದವರಲ್ಲಿಗೆ ಹೋಗಿ ಕ್ಷಮೆ ಕೇಳಿ ಮುಂಗಡ ಹಿಂತಿರುಗಿಸಿದೆ. ಅವರು ನೊಂದುಕೊಂಡರು, ಅದು ನ್ಯಾಯವೇ.

ಈಗ ನಾವು ವರ್ಷಕ್ಕೊಮ್ಮೆ, ತೊಂಬತ್ತು ದಿನಗಳ ಮಿತಿಯೊಳಗೆ ಹೋಗಿ ಬರುತ್ತೇವೆ. ಮೊಮ್ಮಗ ಪ್ರತಿ ಸಲ ಒಂದಿಷ್ಟು ಎತ್ತರವಾಗಿರುತ್ತಾನೆ, ನಡುವಿನ ಬೆಳವಣಿಗೆ ನಮಗೆ ಕಾಣಸಿಗುವುದಿಲ್ಲ. ಈ ನಷ್ಟ ಸಣ್ಣದಲ್ಲ, ನಾವು ಗೆದ್ದೆವೆಂದು ಯಾರೂ ತಿಳಿಯಬಾರದು.

ಆದ್ದರಿಂದ, ಲಿಯೋನ್‌ಗೆ ಹೋಗಬೇಕೆಂದಿರುವ ನನ್ನ ಶಿಷ್ಯನೇ, ಹೋಗಬೇಡವೆಂದು ನಾನು ಹೇಳುವುದಿಲ್ಲ. ಮಾರುವ ಮುನ್ನ ಮನೆಯನ್ನು ಬಾಡಿಗೆಗೆ ಕೊಟ್ಟು ಒಂದು ಚಳಿಗಾಲ ಅಲ್ಲಿದ್ದು ನೋಡು. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಇಬ್ಬರೂ ಈಗಲೇ ಫ್ರೆಂಚ್ ಕಲಿಯಲು ಕುಳಿತುಕೊಳ್ಳಿ, ನೀನೊಬ್ಬನೇ ಅಲ್ಲ. ಎಲ್ಲಕ್ಕೂ ಮೊದಲು ಇವತ್ತು ರಾತ್ರಿ ಊಟವಾದ ಮೇಲೆ ನಿನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಅಲ್ಲಿ ಒಬ್ಬಳೇ ಉಳಿದರೆ ಇರಬಲ್ಲೆಯಾ ಎಂದು ಕೇಳು. ಅವಳು ಉತ್ತರ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡ. ಆಮೇಲೆ ನನಗೆ ಕರೆ ಮಾಡು, ವೀಸಾ ಅರ್ಜಿಯನ್ನು ಒಟ್ಟಿಗೆ ತುಂಬೋಣ.