ಮತ್ತು ಸಂಗಡಿಗರು

ಬೀಟಲ್ಸ್ ಅನ್ನೋ ನಾಲ್ಕು ಹುಡುಗರಿಗೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಕೇರಿಗಳಿಗೂ ಎತ್ತಣಿಂದೆತ್ತಣ ನಂಟು? ಆದ್ರೂ ಇವತ್ತು ಅವರಿಂದಲೇ ಶುರು ಮಾಡ್ತೀನಿ. ಸ್ವಲ್ಪ ತಾಳ್ಮೆಯಿಂದ ಓದಿ.

ಇಂಗ್ಲೆಂಡಿನ ಲಿವರ್‌ಪೂಲ್ ಅನ್ನೋ ಬಂದರು ಊರಿನ ಹುಡುಗರು ಅವರು. 1962ರ ಮಾರ್ಚ್‌ನಿಂದ 1965ರ ಜೂನ್‌ವರೆಗೆ ಬಿಬಿಸಿ ರೇಡಿಯೋದ 52 ಕಾರ್ಯಕ್ರಮಗಳಲ್ಲಿ ಹಾಡಿದ್ರು. ಒಟ್ಟು 88 ಬೇರೆ ಬೇರೆ ಹಾಡು. ಅದರಲ್ಲಿ 36 ಹಾಡು ಆ ತಂಡ ಇರೋವರೆಗೂ ರೆಕಾರ್ಡ್ ಆಗಿ ಅಂಗಡಿಗೆ ಬಂದೇ ಇರಲಿಲ್ಲ. ಅಷ್ಟು ಸಲ ಅವರನ್ನ ಕರೆಸಿದ್ದಕ್ಕೆ ಒಂದು ಕಾರಣ ಇತ್ತು. ದಿನಕ್ಕೆ ಇಷ್ಟು ಗಂಟೆಗಿಂತ ಹೆಚ್ಚು ಗ್ರಾಮಫೋನ್ ಪ್ಲೇಟು ಹಾಕಂಗಿಲ್ಲ ಅಂತ ಬಿಬಿಸಿಗೆ ಕಟ್ಟಳೆ ಇತ್ತು. ರೆಕಾರ್ಡ್ ಕಂಪನಿಗಳ ಜೊತೆಗೆ ವಾದ್ಯಗಾರರ ಯೂನಿಯನ್ನೂ ಅದರ ಹಿಂದೆ ನಿಂತಿತ್ತು. ಪ್ಲೇಟು ತಿರುಗಿಸಿ ನಮ್ಮ ಅನ್ನ ಕಸೀಬೇಡಿ, ಮನುಷ್ಯರನ್ನ ಕರೆಸಿ, ಕೂಲಿ ಕೊಟ್ಟು ನುಡಿಸಿ ಅಂತ. ಸಂಘಟನೆ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಇದೊಂದು ಪಾಠ.

ಅಂಥ ಬಿಬಿಸಿನೂ ಆ ಟೇಪುಗಳನ್ನ ಜೋಪಾನ ಮಾಡಲಿಲ್ಲ. ಟೇಪು ದುಬಾರಿ, ಅಳಿಸಿ ಮತ್ತೆ ಬಳಸೋರು. ಹೊರದೇಶಗಳಿಗೆ ಕಳಿಸೋಕೆ ಮಾಡಿದ್ದ ಡಿಸ್ಕ್‌ಗಳಿಂದ ಒಂದಷ್ಟು ಹಾಡು ಉಳೀತು. ಇನ್ನೊಂದಷ್ಟನ್ನ ಉಳಿಸಿದೋರು ಮನೇಲಿ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಕೊಂಡು ಕೂತಿದ್ದ ಸಾಮಾನ್ಯ ಕೇಳುಗರು. 1994ರಲ್ಲಿ ಆ ಹಾಡುಗಳ ಆಲ್ಬಮ್ ಬಂತು, 2013ರಲ್ಲಿ ಎರಡನೇದು. ಅದರಲ್ಲಿರೋ ಎಷ್ಟೋ ಹಾಡು ಅಮೆರಿಕದ ಕಪ್ಪು ಜನರವು: ಚಕ್ ಬೆರ್ರಿ, ಲಿಟಲ್ ರಿಚರ್ಡ್, ಆರ್ಥರ್ ಅಲೆಕ್ಸಾಂಡರ್. ಕಪ್ಪು ಜನರ ಹಾಡು ಹಾಡಿ ಬಿಳಿ ಹುಡುಗರು ಲೋಕ ಗೆದ್ದ ಕಥೆ ಇನ್ನೊಂದು ಸಲ ಮಾತಾಡೋಣ. ಆದ್ರೆ ಚಕ್ ಬೆರ್ರಿ ಹಾಡಿನ ಮುಂದೆ ಚಕ್ ಬೆರ್ರಿ ಹೆಸರೇ ಇದೆ. ‘ಜಾನಪದ’ ಅಂತ ಬರೆದು ಕೈ ತೊಳ್ಕೊಂಡಿಲ್ಲ.

ಈಗ ನಮ್ಮ ಕಡೆ ಬನ್ನಿ.

ನಮ್ಮ ತಾತ ಅರೆ ಬಡೀತಿದ್ದೋರು, ಮಾರಿಹಬ್ಬದಲ್ಲಿ ಆಸಾದಿಗಳ ಜೊತೆ ದನಿಗೂಡಿಸ್ತಿದ್ದೋರು. ಎಪ್ಪತ್ತರ ದಶಕದ ಕೊನೇಲಿ ಅವರೂ ಸೇರಿ ಐದು ಜನಾನ ಒಂದು ರೇಡಿಯೋ ನಿಲಯಕ್ಕೆ ಕರೆಸಿದ್ರು. ಅರೆ ಚರ್ಮದ್ದು. ಬೆಂಕಿಗೆ ಹಿಡಿದು ಕಾಯಿಸದಿದ್ರೆ ಅದು ಬಾಯೇ ಬಿಡಲ್ಲ. ಸ್ಟುಡಿಯೋ ಒಳಗೆ ತಣ್ಣನೆ ಗಾಳಿ, ಬೆಂಕಿ ಹಚ್ಚೋ ಹಾಗಿಲ್ಲ. ಹೊರಗೆ ಮರದ ಕೆಳಗೆ ಹುಲ್ಲು ಹಚ್ಚಿ ಕಾಯಿಸ್ಕೊಂಡು ಒಳಕ್ಕೆ ಓಡೋದು, ಎರಡು ಪದ ಆಗೋಷ್ಟರಲ್ಲಿ ಮೆತ್ತಗಾದ್ರೆ ಮತ್ತೆ ಹೊರಕ್ಕೆ. ಸದ್ದು ಜಾಸ್ತಿ ಆಯ್ತು ಅಂತ ಅರೆಯವರನ್ನ ಮೈಕಿಂದ ದೂರ, ಗೋಡೆ ಪಕ್ಕ ನಿಲ್ಲಿಸಿದ್ರಂತೆ. ದೂರ ನಿಲ್ಲೋದು ನಮಗೇನು ಹೊಸದಾ ಅಂತ ತಾತ ನಗ್ತಾ ಹೇಳೋರು. ರಾತ್ರಿಯಿಡೀ ಹಾಡೋ ಮಾರಮ್ಮನ ಪದ ಹತ್ತು ನಿಮಿಷಕ್ಕೆ ಇಳೀತು.

ಪ್ರಸಾರ ಆದ ದಿನ ಕೇರಿಯೆಲ್ಲಾ ಪಂಚಾಯ್ತಿ ರೇಡಿಯೋ ಹತ್ರ ಹೋಗಿತ್ತು. ಪಂಚಾಯ್ತಿ ಕಟ್ಟೆ ಇದ್ದಿದ್ದು ಊರೊಳಗೆ. ಕೇರಿಯವರು ಜಗಲಿ ಹತ್ತೋ ಹಾಗಿರಲಿಲ್ಲ. ಬೀದೀಲಿ ನಿಂತು ಕೇಳಿದ್ರು. ಯಾವ ಮನೆಗಳ ಹೊಸಿಲು ತಾತ ದಾಟಂಗಿರಲಿಲ್ಲವೋ ಆ ಮನೆಗಳ ನಡುಮನೇಲಿ ಅವತ್ತು ಅವರ ದನಿ ಕೂತಿತ್ತು. ಹಾಡು ಮುಗಿದ ಮೇಲೆ ರೇಡಿಯೋದವರು ಒಬ್ಬರ ಹೆಸರು ಹೇಳಿ, ‘ಮತ್ತು ಸಂಗಡಿಗರು’ ಅಂದ್ರು. ನಮ್ಮ ತಾತ ಆ ಸಂಗಡಿಗರಲ್ಲಿ ಒಬ್ಬರು. ಅವ್ವ ಇವತ್ತಿಗೂ ಆ ಎರಡು ಪದಾನ ಹಾಗೇ ಅನುಕರಿಸ್ತಾಳೆ.

ತಾತ ತೀರಿಕೊಂಡ ಮೇಲೆ ಆ ಧ್ವನಿಮುದ್ರಣದ ಪ್ರತಿ ಕೇಳಿ ಕಾಗದ ಬರೆದೆ. ಲಭ್ಯವಿಲ್ಲ ಅಂತ ಒಂದು ಸಾಲು ಬಂತು. ಕೇರೀಲಿ ಯಾರ ಹತ್ರನೂ ಟೇಪ್ ರೆಕಾರ್ಡರ್ ಇರಲಿಲ್ಲ. ಲಿವರ್‌ಪೂಲಿನ ಹುಡುಗರಿಗೂ ನಮ್ಮ ತಾತನಿಗೂ ಇರೋ ವ್ಯತ್ಯಾಸ ಅಷ್ಟೇ. ಎರಡೂ ಕಡೆ ಹಾಡು ಉಳಿಲಿಲ್ಲ. ಅಲ್ಲಿ ಕೇಳುಗನ ಕೈಲಿ ಒಂದು ಯಂತ್ರ ಇತ್ತು.

ಎಪ್ಪತ್ತರ ದಶಕದ ನಮ್ಮ ಚಳವಳಿಯ ಹಾಡುಗಳದ್ದೂ ಇದೇ ಗತಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾಯ್ತು, ಅಕ್ಷರ ಉಳೀತು. ಆದ್ರೆ ಜಾಥಾದಲ್ಲಿ ಹಳ್ಳಿಯ ಸಂಗಾತಿಗಳು ಅವನ್ನ ಯಾವ ಧಾಟೀಲಿ ಎತ್ತಿಕೊಂಡ್ರು, ಎಲ್ಲಿ ತಮ್ಮ ಸಾಲು ಸೇರಿಸಿದ್ರು? ಕೇಳಿದ ಕಿವಿಗಳೂ ಈಗ ಒಂದೊಂದಾಗಿ ಮಣ್ಣಿಗೆ ಹೋಗ್ತಿವೆ.

ಕೆಲವು ಗೆಳೆಯರು ಕೇಳ್ತಾರೆ: ಅಣ್ಣಾ, ಅರೆ ಗುಲಾಮಗಿರಿಯ ಗುರುತಲ್ವಾ, ಹೋದ್ರೆ ಹೋಗಲಿ ಬಿಡಿ ಅಂತ. ಊರ ಸಾವಿಗೆ, ಊರ ಹಬ್ಬಕ್ಕೆ ಬಿಟ್ಟಿ ಬಡಿಯಲ್ಲ ಅಂತ ಹೇಳಿದ್ದು ನೂರಕ್ಕೆ ನೂರು ಸರಿ. ಇವತ್ತೂ ಯಾರಾದ್ರೂ ಒತ್ತಾಯ ಮಾಡಿ ಬಡಿಸಿದ್ರೆ ಆ ಊರಿಗೆ ಹೋಗಿ ನಿಲ್ಲೋರಲ್ಲಿ ನಾನೂ ಒಬ್ಬ. ಆದ್ರೆ ಬಿಟ್ಟಿ ಊರವರದ್ದು, ಗತ್ತು ನಮ್ಮದು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆ ಹಿಡಿದೇ 2023ರಲ್ಲಿ ಪದ್ಮಶ್ರೀ ತಗೊಂಡ್ರು. ಬೇಡ ಅನ್ನೋ ಹಕ್ಕು ನಮ್ಮ ಮಕ್ಕಳಿಗೆ ಇರಲಿ. ಏನನ್ನ ಬೇಡ ಅಂತಿದ್ದೀವಿ ಅನ್ನೋದು ಒಂದು ಸಲ ಅವರ ಕಿವಿಗೆ ಬೀಳಲಿ.

ಅದಕ್ಕೇ ಈ ಪೋಸ್ಟು. ಈಗ ಪ್ರತಿ ಜೇಬಲ್ಲೂ ಒಂದು ರೆಕಾರ್ಡರ್ ಇದೆ. ನಾಲ್ಕೂ ತಾಲ್ಲೂಕಿನ ಹುಡುಗ ಹುಡುಗೀರೇ, ನಿಮ್ಮ ಕೇರೀಲಿ ಎಪ್ಪತ್ತು ದಾಟಿದ ಅರೆಯವರು, ಆಸಾದಿಗಳು, ಸೋಬಾನೆ ಅಜ್ಜೀರು ಇದ್ರೆ ಹೋಗಿ ಕೂತ್ಕೊಳ್ಳಿ. ಮೊದಲು ಒಪ್ಪಿಗೆ ಕೇಳಿ. ರೀಲ್ಸ್‌ಗೆ ಬೇಕಾದ ಮೂವತ್ತು ಸೆಕೆಂಡ್ ಸಾಲಲ್ಲ, ಪೂರ್ತಿ ಪದ ಹಿಡೀರಿ. ಅರೆ ಕಾಯಿಸೋಕೆ ಬೆಂಕಿ ಹಾಕಿ, ಪುರುಸೊತ್ತು ಕೊಡಿ. ಪಾವಗಡದ ಕಡೆಯವರೇ, ಅಜ್ಜಿ ತೆಲುಗಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ್ರೆ ತಿದ್ದಬೇಡಿ, ನಮ್ಮ ಗಡಿ ಇರೋದೇ ಹಾಗೆ. ರೆಕಾರ್ಡ್ ಶುರುವಾದ ಕೂಡಲೇ ದಿನ, ಊರು, ಅಲ್ಲಿರೋ ಪ್ರತಿಯೊಬ್ಬರ ಹೆಸರು ಅವರ ಬಾಯಿಂದಲೇ ಹೇಳಿಸಿ. ಒಂದು ಪ್ರತಿ ಅವರ ಮನೇಲೇ ಇರಲಿ.

ಹೆಸರು ಹೇಳೋದು ಉಪಕಾರ ಅಲ್ಲ, ಕಾನೂನು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ, ಹಾಡಿದವರಿಗೆ, ನುಡಿಸಿದವರಿಗೆ ತಮ್ಮ ಪ್ರದರ್ಶನದ ಜೊತೆ ತಮ್ಮ ಹೆಸರು ಹೇಳಿಸಿಕೊಳ್ಳೋ ಹಕ್ಕಿದೆ. ಸಂಶೋಧನೆ ಅಂತ, ಸಿನಿಮಾ ಅಂತ ಯಾರಾದ್ರೂ ಮೈಕ್ ಹಿಡ್ಕೊಂಡು ಬಂದ್ರೆ ಇದನ್ನ ಮುಂದಿಡಿ. ಐದು ಜನ ಹಾಡಿದ್ರೆ ಐದು ಹೆಸರು ಬೇಕು. ‘ಮತ್ತು ಸಂಗಡಿಗರು’ ಸಾಕು.

ಮಾಡಿದೋರು ಕಾಮೆಂಟಲ್ಲಿ ಊರಿನ ಹೆಸರು ಹಾಕಿ. ನಾನೂ ಬಂದು ಕೂತ್ಕೋತೀನಿ.

ಜೈ ಭೀಮ್.