ತೋರಣಗಲ್ಲಿನಿಂದ ಒಂದು ತಾಸು

ಹೊಸಪೇಟೆಯಲ್ಲಿ ಟ್ಯಾಕ್ಸಿ ಓಡಿಸುವ ನಮಗೆ ಒಂದು ಕಾಲದಲ್ಲಿ ಹೊತ್ತು ಹೇಳುತ್ತಿದ್ದದ್ದು ಹಂಪಿ ಎಕ್ಸ್‌ಪ್ರೆಸ್. ಬೆಂಗಳೂರಲ್ಲಿ ರಾತ್ರಿ ಹತ್ತಿದವರು ಧರ್ಮಾವರಂ, ಅನಂತಪುರ, ಗುಂತಕಲ್ಲು ಅಂತ ಆಂಧ್ರ ಸುತ್ತಿ ಬೆಳಗ್ಗೆ ಇಲ್ಲಿ ಇಳಿಯೋರು. ಸ್ಟೇಷನ್ ಮುಂದೆ ಅಂಬಾಸಿಡರ್‌ಗಳ ಸಾಲು. ಬೆನ್ನಿಗೆ ಚೀಲ ಹಾಕಿದ ವಿದೇಶಿಯರನ್ನು 13 ಕಿ.ಮೀ. ದೂರದ ಹಂಪಿಗೆ ಬಿಟ್ಟು ಬಂದರೆ ಆ ದಿನದ ಬೋಣಿ ಆದಂತೆ.

ಆಮೇಲೆ ಅದಿರಿನ ಕಾಲ. ಚೀನಾಕ್ಕೆ ಎಷ್ಟು ಕೊಟ್ಟರೂ ಸಾಲದು. ಸಂಡೂರಿನ ಗುಡ್ಡಗಳು ಲಾರಿ ಹತ್ತಿದವು. ಕಾರಿಗನೂರು, ಪಾಪಿನಾಯಕನಹಳ್ಳಿ, ಗಾದಿಗನೂರು ದಾಟಿ ತೋರಣಗಲ್ಲು ಮುಟ್ಟಲು ಇರುವುದು ಸುಮಾರು 35 ಕಿ.ಮೀ. ಲಾರಿ ಸಾಲಿಗೆ ಸಿಕ್ಕರೆ ಮೂರು ತಾಸಾದರೂ ಆಯಿತೇ. ನೀರು ಬಿಟ್ಟು ವೈಪರ್ ಹಾಕಿದರೆ ಗಾಜಿನ ತುಂಬ ಕೆಂಪು ರಾಡಿ. ಬೆಳಗ್ಗೆ ತೊಟ್ಟ ಬಿಳಿ ಅಂಗಿಯ ಕಾಲರು ಸಂಜೆಗೆ ಕುಂಕುಮದ ಬಣ್ಣ. ನಮ್ಮ ತಲೆಯ ಮೇಲೆ ಮಾತ್ರ ಗಣಿ ಧಣಿಗಳ ಹೆಲಿಕಾಪ್ಟರ್ ಧೂಳು ಸೋಕಿಸಿಕೊಳ್ಳದೆ ಹೋಗೋದು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೂ ನಿಂತವು, ಎಷ್ಟೋ ಮಂದಿಯ ಕಂತೂ ನಿಂತಿತು.

ತೋರಣಗಲ್ಲಿನ ವಿದ್ಯಾನಗರದಲ್ಲಿ ಜಿಂದಾಲ್‌ನವರ ಖಾಸಗಿ ವಿಮಾನ ನಿಲ್ದಾಣ ಇತ್ತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್‌ನವರು ಅಲ್ಲಿಂದ ಹಾರಾಟ ಶುರುಮಾಡಿದರು. 2022ರಲ್ಲಿ ಆ ಕಂಪನಿಯ ವಿಮಾನಗಳೇ ನಿಂತುಹೋದವು. ಅಲಯನ್ಸ್ ಏರ್ ಬಂತು, ಸ್ಟಾರ್ ಏರ್ ಬಂತು. ನಮಗೂ ಹೊಸ ಟ್ರಿಪ್ಪು: ಏರ್‌ಪೋರ್ಟ್ ಡ್ರಾಪು.

"ಬೆಂಗಳೂರಿಗೆ ವಿಮಾನದಾಗ ಎಷ್ಟೊತ್ತು?" ಅಂತ ಈಗ ಎಲ್ಲರೂ ಕೇಳುತ್ತಾರೆ. ಒಂದು ತಾಸು, ಟಿಕೆಟ್‌ನಲ್ಲೇ ಬರೆದಿರುತ್ತದೆ. ರಸ್ತೆಯಲ್ಲಿ 340 ಕಿ.ಮೀ. ಆಸುಪಾಸಿನ ದಾರಿ ಆಕಾಶದಲ್ಲಿ ಸುಮಾರು 250. ಆದರೆ ಹೊಸಪೇಟೆಯಿಂದ ತೋರಣಗಲ್ಲಿಗೆ ಮುಕ್ಕಾಲು ತಾಸು, ಅಲ್ಲಿ ತಪಾಸಣೆಗೆ ತಾಸು ಮೊದಲೇ ಇರಬೇಕು. ಇಳಿಯುವುದು ದೇವನಹಳ್ಳಿಯಲ್ಲಿ, ಮೆಜೆಸ್ಟಿಕ್ಕಿಗೆ ಇನ್ನೂ 35 ಕಿ.ಮೀ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಾನೇನು ಹೇಳಲಿ! ಕೂಡಿಸಿದರೆ ನಾಲ್ಕೂವರೆ, ಐದು ತಾಸು. ಅಷ್ಟರಲ್ಲಿ ನಮ್ಮ ಹುಡುಗರು ಡ್ಯಾಮ್ ಹತ್ತಿರದ ಸುರಂಗ ದಾಟಿ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ಶಿರಾ ಮುಗಿಸಿ ತುಮಕೂರಿನ ಹತ್ತಿರ ಇರುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ಕಾರಿನಲ್ಲಿ ಆರು ತಾಸಿನ ಮಾತು. ನಾಲ್ಕು ಜನರ ಸಂಸಾರಕ್ಕೆ ವಿಮಾನ ಯಾಕೆ ಬೇಕು ಅಂತ ನಾನೇ ಹೇಳಿದ್ದೇನೆ. ಬಾಡಿಗೆ ಆಸೆಗೆ ಹೇಳಿದ್ದು ಅನ್ನಿ, ಲೆಕ್ಕವಂತೂ ಸರಿ.

ವಿಮಾನದ ಪೂರಾ ಲಾಭ ಬೆಂಗಳೂರಲ್ಲಿ ನಿಲ್ಲದವರಿಗೆ. ಕಂಪ್ಲಿಯ ಒಬ್ಬ ಅಮ್ಮನವರು ಅಮೆರಿಕದ ಮಗಳ ಬಾಣಂತನಕ್ಕೆ ಹೊರಟಿದ್ದರು. ದರೋಜಿ ಕಡೆಯಿಂದ ಕರೆದುಕೊಂಡು ಹೋದೆ. ದೇವನಹಳ್ಳಿಯಲ್ಲಿ ಊರೊಳಗೆ ಕಾಲಿಡದೆ ಅಲ್ಲೇ ಮುಂದಿನ ವಿಮಾನ ಹಿಡಿಯುವ ಏರ್ಪಾಡು. ತೊಡಕಾದದ್ದು ತೂಕದಲ್ಲಿ. ದೊಡ್ಡ ವಿಮಾನ ಒಪ್ಪುವಷ್ಟನ್ನು ಈ ಚಿಕ್ಕದು ಒಪ್ಪಲಿಲ್ಲ. ಬಾಗಿಲ ಮುಂದೆಯೇ ಪೆಟ್ಟಿಗೆ ಬಿಚ್ಚಿದರು. ಕಂಪ್ಲಿಯ ಸೋನಾಮಸೂರಿ ಅಕ್ಕಿಯ ಗಂಟು ಹೊರಗೆ ಬಂತು, ಶೇಂಗಾ ಚಟ್ನಿಪುಡಿ ಒಳಗೇ ಉಳಿಯಿತು. "ಅಕ್ಕಿ ಅಲ್ಲೂ ಸಿಗ್ತೈತಿ ಬಿಡಮ್ಮ" ಅಂದೆ. "ಸಿಗ್ತೈತಪ್ಪ, ಇದು ನಮ್ಮ ಹೊಲದ್ದು" ಅಂದು, ಗಂಟನ್ನು ನನ್ನ ಸೀಟಿನ ಮೇಲಿಟ್ಟು ಒಳಗೆ ಹೋದರು.